ಹೊಸಬರೂ ಪಳಗಿದವರೂ ಒಂದೇ ಮೈದಾನದಲ್ಲಿ: ಮಾಡೆಲ್ ವಿಮಾನ ಸ್ಪರ್ಧೆ ನಡೆಸುವ ಬಗೆ

ಸೋತೆವು ಅನ್ನೋ ಒಂದೇ ಕಾರಣಕ್ಕೆ ಹೊಸಬರು ಸ್ಪರ್ಧೆ ಬಿಟ್ಟು ಹೋಗುವುದಿಲ್ಲ. ಮೊದಲ ಸಲ ವಿಮಾನ ಹಿಡಿದುಕೊಂಡು ಬಂದವರಿಗೆ ತಾವು ಗೆಲ್ಲುವುದಿಲ್ಲ ಅಂತ ಚೆನ್ನಾಗೇ ಗೊತ್ತಿರುತ್ತದೆ. ಎರಡನೇ ಸಲ ಬಾರದೇ ಇರುವುದಕ್ಕೆ ಬೇರೆ ಕಾರಣಗಳಿವೆ. ಮೊದಲ ರೌಂಡಿನಲ್ಲೇ ಸೊನ್ನೆ ಬಿತ್ತು, ಆಮೇಲೆ ಏನು ಮಾಡಿದರೂ ಪಟ್ಟಿಯ ತಳದಿಂದ ಮೇಲೇಳುವ ದಾರಿ ಇರಲಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಇದ್ದರೂ ಹಾರಿಸಿದ್ದು ಒಂದಿಷ್ಟು ಹೊತ್ತು, ಉಳಿದದ್ದೆಲ್ಲ ಕುರ್ಚಿ ಮೇಲೆ. ಪಕ್ಕದವರ ಗ್ಲೈಡರ್ ಹತ್ತು ನಿಮಿಷ ಮೇಲೇ ಇತ್ತು, ತಮ್ಮದು ನಾಲ್ಕು ನಿಮಿಷಕ್ಕೆ ಕೆಳಗೆ ಬಂತು, ಯಾಕೆ ಅಂತ ಯಾರೂ ಹೇಳಲಿಲ್ಲ.

ಪಳಗಿದವರು ಬಿಟ್ಟು ಹೋಗುವುದಕ್ಕೂ ಕಾರಣವಿದೆ. ಹೊಸಬರಿಗೆ ಅನುಕೂಲ ಆಗಲಿ ಅಂತ ಸ್ಪರ್ಧೆಯನ್ನೇ ಸಪ್ಪೆ ಮಾಡಿಬಿಟ್ಟರೆ ಅವರಿಗೆ ಬೇಜಾರು. ವರ್ಷಗಟ್ಟಲೆ ಅಭ್ಯಾಸ ಮಾಡಿದವರಿಗೆ ತಮ್ಮ ಕೈಚಳಕ ಪೂರ್ತಿ ತೋರಿಸೋ ಜಾಗ ಬೇಕು. ಅದರಲ್ಲಿ ತಪ್ಪೇನಿದೆ?

ನಾನು ಎಲೆಕ್ಟ್ರಿಕ್ ಗ್ಲೈಡರ್ ಸ್ಪರ್ಧೆಗಳನ್ನು ನಡೆಸುವವನು. ಮೋಟರ್‌ನಿಂದ ಮೇಲೇರಿ, ಆಮೇಲೆ ಅದನ್ನು ನಿಲ್ಲಿಸಿ ತೇಲುವ ವಿಮಾನಗಳು ಅವು. ಹಾರಿಸುವುದಕ್ಕಿಂತ ಅಂಕದ ಮೇಜಿನ ಹಿಂದೆ ಕೂತಿದ್ದೇ ಜಾಸ್ತಿ. ಹಾಗಾಗಿ ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಗ್ಲೈಡರ್‌ಗಳವು. ರಬ್ಬರ್ ವಿಮಾನ, ಏರೋಬ್ಯಾಟಿಕ್ಸ್, ಪೈಲಾನ್ ರೇಸ್ ಯಾವುದಾದರೂ ಸರಿ, ಲೆಕ್ಕ ಬೇರೆಯಾದರೂ ತೊಂದರೆ ಅದೇ. ನಾನು ಹೇಳುವುದು ಇಷ್ಟು: ಪಳಗಿದವರ ಕೈ ಕಟ್ಟಿ ಇಬ್ಬರನ್ನೂ ಸಮ ಮಾಡಲು ಹೋಗಬೇಡಿ. ಹೊಸಬರಿಗೆ ಎಟಕುವ ಗುರಿ ಒಂದಿರಲಿ, ಪಳಗಿದವರೂ ಬೆವರಬೇಕಾದ ಗುರಿ ಅದರ ಮೇಲೊಂದಿರಲಿ. ಇಬ್ಬರನ್ನೂ ಒಂದೇ ಗಾಳಿಯಲ್ಲಿ, ಅಕ್ಕಪಕ್ಕದಲ್ಲಿ ನಿಲ್ಲಿಸಿ ಹಾರಿಸಿ.

ಮ್ಯಾಕ್ಸ್ ಎಷ್ಟಿರಬೇಕು?

ಹೀಗೆ ಎರಡು ಗುರಿ ಇಡುವ ಉಪಾಯ ಬಿಟ್ಟ ಮೇಲೆ ತಾನಾಗೇ ಹಾರುವ ವಿಮಾನದವರದ್ದು, ಅಂದರೆ ಫ್ರೀ ಫ್ಲೈಟ್‌ನವರದ್ದು, ಬಹಳ ಹಳೆಯದು. ಎಫ್‌1ಎ ವರ್ಗದ ಗ್ಲೈಡರನ್ನು 50 ಮೀಟರ್ ದಾರ ಕಟ್ಟಿ ಎಳೆದು ಮೇಲೆ ಬಿಡುತ್ತಾರೆ. ಸಾಮಾನ್ಯವಾಗಿ 3 ನಿಮಿಷ ಹಾರಿದರೆ ಆ ರೌಂಡಿಗೆ ಪೂರ್ತಿ ಅಂಕ. ಅದಕ್ಕೆ ಮ್ಯಾಕ್ಸ್ ಅನ್ನುತ್ತಾರೆ. ಹತ್ತು ನಿಮಿಷ ಹಾರಿದರೂ ಅಷ್ಟೇ ಅಂಕ. ಎಲ್ಲ ರೌಂಡಿನಲ್ಲೂ ಮ್ಯಾಕ್ಸ್ ಮಾಡಿದವರು ಕೊನೆಗೆ ಫ್ಲೈ-ಆಫ್‌ಗೆ ಹೋಗುತ್ತಾರೆ, ಅಲ್ಲಿ ಸಮಯ ಜಾಸ್ತಿ. ಪಿ-30 ಅನ್ನೋ ರಬ್ಬರ್ ವಿಮಾನಗಳಲ್ಲೂ ಹೀಗೇ: ಮೂರು ಹಾರಾಟ, ಪ್ರತಿಯೊಂದಕ್ಕೂ 2 ನಿಮಿಷದ ಮ್ಯಾಕ್ಸ್.

ಇದರ ಲಾಭ ನೋಡಿ. ಮೊದಲ ಸಲ ಬಂದವರು ಒಂದೇ ಒಂದು ರೌಂಡಿನಲ್ಲಿ ಮ್ಯಾಕ್ಸ್ ಮಾಡಿದರೂ ಆ ರೌಂಡಿನ ಮಟ್ಟಿಗೆ ಅವರು ಚಾಂಪಿಯನ್‌ಗೆ ಸರಿಸಮ. ಯಾರೂ ಕನಿಕರದಿಂದ ಕೊಟ್ಟ ಅಂಕ ಅದಲ್ಲ. ಚಾಂಪಿಯನ್ ಆದವರಿಗೂ ನಷ್ಟವಿಲ್ಲ. ಎಲ್ಲ ರೌಂಡಿನಲ್ಲೂ ಮ್ಯಾಕ್ಸ್ ಮಾಡೋದು ಅವರಿಗೆ ಮಾತ್ರ ಸಾಧ್ಯ, ಕೊನೆಗೆ ಫ್ಲೈ-ಆಫ್‌ನಲ್ಲಿ ತಮ್ಮ ಸಮಾನರ ಜೊತೆ ಜಿದ್ದಾಜಿದ್ದಿ ಇದ್ದೇ ಇದೆ.

ಎಲೆಕ್ಟ್ರಿಕ್ ಗ್ಲೈಡರ್‌ಗೆ ಇದನ್ನು ತರುವಾಗ ಗುರಿಯ ಸಮಯವನ್ನು ಬಾಯಿಗೆ ಬಂದಂತೆ ಹೇಳಬೇಡಿ, ಲೆಕ್ಕ ಹಾಕಿ. ಹಗುರವಾದ 2 ಮೀಟರ್ ಗ್ಲೈಡರ್ ನಿಂತ ಗಾಳಿಯಲ್ಲಿ ಸೆಕೆಂಡಿಗೆ ಹೆಚ್ಚುಕಮ್ಮಿ ಅರ್ಧ ಮೀಟರ್ ಇಳಿಯುತ್ತದೆ. 150 ಮೀಟರ್‌ನಲ್ಲಿ ಮೋಟರ್ ನಿಂತರೆ, ಒಂದೂ ತಪ್ಪು ಮಾಡದೆ ಹಾರಿಸಿದವರಿಗೆ 300 ಸೆಕೆಂಡ್, ಅಂದರೆ 5 ನಿಮಿಷ ಸಿಗುತ್ತದೆ. ಹೊಸಬರು ತಿರುವಿನಲ್ಲಿ ಮೂಗು ತಗ್ಗಿಸುತ್ತಾರೆ, ಸುಮ್ನೆ ಟ್ರಾನ್ಸ್‌ಮಿಟರ್‌ನ ಕಡ್ಡಿ ಅಲ್ಲಾಡಿಸುತ್ತಾರೆ. ಒಂದು ನಿಮಿಷ ಅಲ್ಲೇ ಹೋಯಿತು. ಉಳಿದದ್ದು ನಾಲ್ಕು. ಹಾಗಾದರೆ ಗುರಿ 5 ನಿಮಿಷ ಇಡಿ. ಹೊಸಬರಿಗೆ ಒಂದು ಸಣ್ಣ ಥರ್ಮಲ್ (ಮೇಲೇಳುವ ಬಿಸಿಗಾಳಿ) ಸಿಕ್ಕರೆ ಸಾಕು, ಗುರಿ ಮುಟ್ಟುತ್ತಾರೆ. ಪಳಗಿದವರು ಪ್ರತಿ ಸಲ ಮುಟ್ಟುತ್ತಾರೆ, ಆದರೆ ಲ್ಯಾಂಡಿಂಗ್‌ನಲ್ಲಿ ಒಂದು ಮೀಟರ್ ತಪ್ಪಿದರೂ ಫ್ಲೈ-ಆಫ್ ಕೈಬಿಟ್ಟು ಹೋದೀತು. ಗಾಳಿ ಜೋರಾದರೆ, ಇಳಿಗಾಳಿ ಜಾಸ್ತಿಯಾದರೆ ಮುಂದಿನ ರೌಂಡಿಗೆ ಗುರಿಯನ್ನು 4 ನಿಮಿಷಕ್ಕೆ ಇಳಿಸಿ. ರೌಂಡ್ ಶುರುವಾದ ಮೇಲೆ ಮಾತ್ರ ಮುಟ್ಟಬೇಡಿ.

ಮೊದಲ ರೌಂಡುಗಳಲ್ಲಿ ಎಲ್ಲರಿಗೂ ಒಂದೇ ಎತ್ತರದಲ್ಲಿ ಮೋಟರ್ ಕಟ್ ಆಗುವಂತೆ ಇಡುವುದು ಒಳ್ಳೆಯದು. ಎಫ್‌5ಜೆ ಅನ್ನೋ ಎಲೆಕ್ಟ್ರಿಕ್ ಗ್ಲೈಡರ್ ವರ್ಗದ ನಿಯಮದಲ್ಲಿ ಮೋಟರ್ 30 ಸೆಕೆಂಡ್‌ವರೆಗೆ ಓಡಿಸಬಹುದು, ಎಷ್ಟು ಎತ್ತರಕ್ಕೆ ಬೇಕಾದರೂ ಹೋಗಬಹುದು. ಆದರೆ ಪ್ರತಿ ಮೀಟರ್‌ಗೆ ಅರ್ಧ ಅಂಕ ಕಡಿತ, 200 ಮೀಟರ್ ದಾಟಿದರೆ ಮೀಟರ್‌ಗೆ 3 ಅಂಕ. ಎಲ್ಲಿ ನಿಲ್ಲಿಸಬೇಕು ಅನ್ನೋದೇ ಆ ಆಟದ ಜೀವ. ಪಳಗಿದವರಿಗೆ ಅದು ರುಚಿ. ಹೊಸಬರಿಗೆ ಅದು ಬರೀ ತಲೆನೋವು, ಯಾಕೆಂದರೆ ಇನ್ನೂ ಥರ್ಮಲ್ ಹುಡುಕಲು ಬಾರದವರು ಎತ್ತರದ ಜೂಜು ಆಡೋದಾದರೂ ಹೇಗೆ? ಆ ನಿಯಮವನ್ನು ಪೂರ್ತಿಯಾಗಿ ಫ್ಲೈ-ಆಫ್‌ಗೆ ಇಟ್ಟುಕೊಳ್ಳಿ. ದೊಡ್ಡ ಸ್ಪರ್ಧೆಗಳಲ್ಲಿ ಎಫ್‌5ಜೆ ಫ್ಲೈ-ಆಫ್ 15 ನಿಮಿಷದ್ದು. ನೀವೂ ಅಷ್ಟೇ ಇಡಿ, ಕಡಿಮೆ ಮಾಡಬೇಡಿ.

ಎಲ್ಲ ರೌಂಡನ್ನೂ ಎಫ್‌5ಜೆ ನಿಯಮದಲ್ಲೇ ನಡೆಸಬೇಕು ಅಂತ ಹಟವಿದ್ದರೆ ಒಂದು ರಾಜಿ ಇದೆ. ಮೊದಲ ವರ್ಷದವರಿಗೆ ಶುರುವಿನ 150 ಮೀಟರ್‌ಗೆ ಕಡಿತ ಬೇಡ, ಅದರ ಮೇಲಿನದಕ್ಕೆ ಮಾತ್ರ ಹಾಕಿ.

1000 ಅಂಕದ ಲೆಕ್ಕ, ಗ್ರೂಪ್ ಹಾಕುವ ಕೆಲಸ

ಹೊಸಬರ ಮನಸ್ಸು ಮುರಿಯುವುದು ಹೆಚ್ಚಾಗಿ ಇಲ್ಲೇ. ಅವರಿಗೆ ಈ ಲೆಕ್ಕ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಒಂದು ಗ್ರೂಪಿನಲ್ಲಿ, ಅಂದರೆ ಒಟ್ಟಿಗೆ ಹಾರಿಸುವವರಲ್ಲಿ, ಯಾರು ಚೆನ್ನಾಗಿ ಹಾರಿಸಿದರೋ ಅವರಿಗೆ 1000. ಉಳಿದವರಿಗೆ ಅವರ ಲೆಕ್ಕದಲ್ಲಿ ಪಾಲು. ಎಫ್‌5ಜೆ ನಿಯಮದ ಉದಾಹರಣೆ ತೆಗೆದುಕೊಳ್ಳಿ, ಸೆಕೆಂಡಿಗೆ ಒಂದು ಅಂಕ. ಪಳಗಿದವರೊಬ್ಬರು 9 ನಿಮಿಷ 52 ಸೆಕೆಂಡ್ ಹಾರಿಸಿದರು, 592 ಅಂಕ. ನೆಲದ ಮೇಲಿನ ಲ್ಯಾಂಡಿಂಗ್ ಗುರುತಿನಿಂದ ಒಂದು ಮೀಟರ್ ಒಳಗೆ ಇಳಿಸಿದರು, 50. ಮೋಟರ್ ನಿಲ್ಲಿಸಿದ್ದು 60 ಮೀಟರ್‌ನಲ್ಲಿ, 30 ಕಡಿತ. ಒಟ್ಟು 612. ಹೊಸಬರೊಬ್ಬರು 5 ನಿಮಿಷ 10 ಸೆಕೆಂಡ್ ಹಾರಿಸಿದರು, 310. ಗುರುತಿನಿಂದ ಎಂಟೂವರೆ ಮೀಟರ್ ದೂರ ಇಳಿಸಿದರು, 10. ಎತ್ತರ 190 ಮೀಟರ್, 95 ಕಡಿತ. ಒಟ್ಟು 225. ಅದನ್ನು 612ರಿಂದ ಭಾಗಿಸಿ 1000ದಿಂದ ಗುಣಿಸಿದರೆ 368. ಅಲ್ಲಾ, ಎದುರಿನವರ ಅರ್ಧಕ್ಕಿಂತ ಜಾಸ್ತಿ ಹೊತ್ತು ಹಾರಿಸಿದ್ದಾರೆ, ಅಂಕ ನೋಡಿದರೆ ಮೂರನೇ ಒಂದು ಭಾಗದ ಆಸುಪಾಸು! ಮೇಲೆ ಹೇಳಿದ 150 ಮೀಟರ್ ರಿಯಾಯಿತಿ ಕೊಟ್ಟಿದ್ದರೆ ಕಡಿತ 20 ಮಾತ್ರ, ಒಟ್ಟು 300, ಅಂಕ 490. ಪಟ್ಟಿಯ ಮೇಲ್ಭಾಗದಲ್ಲಿ ಏನೂ ಬದಲಾಗಲಿಲ್ಲ, ಕೆಳಗಿನವರಿಗೆ ಉಸಿರಾಡಲು ಜಾಗ ಸಿಕ್ಕಿತು.

ಹಾಗಾದರೆ ಹೊಸಬರನ್ನೆಲ್ಲ ಒಂದೇ ಗ್ರೂಪಿಗೆ ಹಾಕಿದರೆ ಆಗದೇ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಬೇಡ. ಅದೇ 225 ಆ ಗ್ರೂಪಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿದ್ದರೆ ಅದಕ್ಕೆ 1000 ಬೀಳುತ್ತದೆ. ಪಕ್ಕದ ಗ್ರೂಪಿನಲ್ಲಿ 580 ಗಳಿಸಿ, 612ರವರ ಹಿಂದೆ ಎರಡನೆಯವರಾದವರಿಗೆ 948. ಇದನ್ನು ಒಂದೇ ಪಟ್ಟಿಯಲ್ಲಿ ಸೇರಿಸಿದರೆ ಜಗಳ ಖಚಿತ, ಜಗಳ ಮಾಡಿದವರದ್ದೇ ಸರಿ. ಇನ್ನೊಂದು ನಷ್ಟವೂ ಇದೆ. ಹೊಸಬರಷ್ಟೇ ಮೇಲಿದ್ದಾಗ ಥರ್ಮಲ್ ಎಲ್ಲಿದೆ ಅಂತ ತೋರಿಸುವ ವಿಮಾನವೇ ಆಕಾಶದಲ್ಲಿ ಇರುವುದಿಲ್ಲ. ಪಳಗಿದವರು ಎಲ್ಲಿ ಸುತ್ತುತ್ತಿದ್ದಾರೆ ಅಂತ ನೋಡಿಕೊಂಡು ಅಲ್ಲಿಗೆ ಹೋಗೋದು ಕಲಿಕೆಯ ಮೊದಲ ಪಾಠ. ಆ ಪಾಠವನ್ನೇ ತಪ್ಪಿಸಿದಂತಾಗುತ್ತದೆ.

ಹಾಗಾಗಿ ಪ್ರತಿ ಗ್ರೂಪಿನಲ್ಲೂ ಕಲಸಿ. ಹೆಸರುಗಳನ್ನು ಮೂರು ಪಾಲು ಮಾಡಿ: ಪಳಗಿದವರು, ನಡುವಿನವರು, ಹೊಸಬರು. ಪ್ರತಿ ಪಾಲಿನಿಂದ ಚೀಟಿ ಎತ್ತಿ ಗ್ರೂಪ್ ತುಂಬಿಸಿ. ರೌಂಡಿನಿಂದ ರೌಂಡಿಗೆ ಗ್ರೂಪ್ ಬದಲಾಗಲಿ, ಒಬ್ಬ ಹೊಸಬರಿಗೆ ಪ್ರತಿ ಸಲವೂ ಅದೇ ಚಾಂಪಿಯನ್ ಎದುರಾಗಬಾರದು. ಇನ್ನೊಂದು ಮಾತು. ಒಬ್ಬರ ಕೊನೆಯ ಹಾರಾಟಕ್ಕೂ ಮುಂದಿನ ಹಾರಾಟಕ್ಕೂ ನಡುವೆ ಎಷ್ಟು ಹೊತ್ತು ಇದೆ ಅಂತ ಪಟ್ಟಿ ಮೇಲೆ ಬೆರಳಿಟ್ಟು ನೋಡಿ. ಹೊಸಬರು ಎರಡು ಗಂಟೆ ಸುಮ್ನೆ ಕೂತರೆ ಕಲಿತದ್ದೂ ಕೈಯಿಂದ ಜಾರಿರುತ್ತದೆ.

ಪಕ್ಕದಲ್ಲಿ ನಿಲ್ಲುವವರು

ಈ ಬರಹದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ. ಅಂಕದ ಎಲ್ಲ ಕಸರತ್ತಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಗ್ಲೈಡರ್ ಸ್ಪರ್ಧೆಯಲ್ಲಿ ಪೈಲಟ್ ಪಕ್ಕ ಒಬ್ಬ ಸಹಾಯಕರು ನಿಲ್ಲಬಹುದು. ಸಮಯ ಹೇಳೋದು, ಬೇರೆ ವಿಮಾನಗಳು ಎಲ್ಲಿವೆ ಅಂತ ನೋಡೋದು ಅವರ ಕೆಲಸ. ಬಹಳ ಕಡೆ ಹೊಸಬರ ಪಕ್ಕ ಅವರ ಸ್ನೇಹಿತರೋ ಮನೆಯವರೋ ಸ್ಟಾಪ್‌ವಾಚ್ ಹಿಡಿದು ನಿಂತಿರುತ್ತಾರೆ. ಪಳಗಿದವರ ಪಕ್ಕ ಇನ್ನೊಬ್ಬ ಪಳಗಿದವರು. ಇದನ್ನು ತಿರುಗಿಸಿ. ಹೊಸಬರು ಹಾರಿಸುವಾಗ ಪಕ್ಕದಲ್ಲಿ ಪಳಗಿದವರು, ಪಳಗಿದವರು ಹಾರಿಸುವಾಗ ಪಕ್ಕದಲ್ಲಿ ಹೊಸಬರು. ಇದನ್ನು ಅವರವರ ಒಳ್ಳೆಯತನಕ್ಕೆ ಬಿಡಬೇಡಿ. ಗ್ರೂಪ್ ಪಟ್ಟಿಯಲ್ಲೇ ಹೆಸರಿನ ಮುಂದೆ ಸಹಾಯಕರ ಹೆಸರನ್ನೂ ಬರೆದು ಅಂಟಿಸಿ.

ಮೊದಲು ಹೊಸಬರು ಪಳಗಿದವರ ಪಕ್ಕ ನಿಲ್ಲಲಿ, ಆಮೇಲೆ ತಾವು ಹಾರಿಸಲಿ. ಈ ಕ್ರಮ ಮುಖ್ಯ. ಪಕ್ಕದಲ್ಲಿ ನಿಂತವರಿಗೆ ಕಾಣುವುದೇ ಬೇರೆ. ಚಾಂಪಿಯನ್ ಕೈಯಲ್ಲಿ ಕಡ್ಡಿಗಳು ಅಲ್ಲಾಡುವುದೇ ಇಲ್ಲ ಅನ್ನೋದು ಕಾಣುತ್ತದೆ. ವಿಮಾನ ಬಿಡುವ ಮೊದಲು ಅವರು ಎರಡು ನಿಮಿಷ ಗಾಳಿಗೆ ಮುಖ ಕೊಟ್ಟು ನಿಂತಿರುತ್ತಾರೆ, ಕೆನ್ನೆಗೆ ತಾಗುವ ಗಾಳಿ ಎತ್ತ ತಿರುಗಿತು ಅಂತ ನೋಡುತ್ತಾರೆ. ಗಾಳಿ ಹಠಾತ್ತನೆ ಒಂದು ಕಡೆಗೆ ಎಳೆದರೆ ಆ ಕಡೆ ಎಲ್ಲೋ ಬಿಸಿಗಾಳಿ ಏಳುತ್ತಿದೆ ಅಂತ ಅರ್ಥ. ಇದನ್ನು ಬಾಯಲ್ಲಿ ಹೇಳಿದರೆ ಹೊಸಬರು ತಲೆ ಆಡಿಸಿ ಮರೆಯುತ್ತಾರೆ. ಪಕ್ಕದಲ್ಲಿ ನಿಂತು ಕಂಡರೆ ಮರೆಯುವುದಿಲ್ಲ.

ಸಹಾಯಕರಾದ ಪಳಗಿದವರಿಗೆ ಕೆಲವು ಕಟ್ಟುಪಾಡು ಹೇಳಿ. ಟ್ರಾನ್ಸ್‌ಮಿಟರ್ ಮುಟ್ಟಬಾರದು. ಒಂದು ಸಲಕ್ಕೆ ಒಂದೇ ಮಾತು. ಗಾಳಿಯಲ್ಲಿ ವಿಮಾನ ಇರುವಾಗ ಕಾರಣ ವಿವರಿಸಬಾರದು, ಏನು ಮಾಡಬೇಕು ಅಷ್ಟೇ ಹೇಳಬೇಕು. ನಾನು ಕಂಡ ಒಬ್ಬ ಒಳ್ಳೆಯ ಸಹಾಯಕರ ಮಾತು ಹೀಗಿತ್ತು. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಹಾರಿಸುತ್ತಿದ್ದಳು.

“ಎಡರೆಕ್ಕೆ ಎದ್ದಿತು. ಎಡಕ್ಕೆ ತಿರುಗಿಸು.”

ಅವಳು ತಿರುಗಿಸಿದಳು.

“ಹಾಗೇ ಇರಲಿ. ಸುತ್ತು ದೊಡ್ಡದಾಯ್ತು, ಸ್ವಲ್ಪ ಬಿಗಿ ಮಾಡು. ಸಾಕು. ಈಗ ಮುಟ್ಟಬೇಡ.”

ಆಮೇಲೆ ಒಂದು ನಿಮಿಷ ಅವರು ಬಾಯಿ ಬಿಡಲಿಲ್ಲ. ವಿಮಾನ ಮೇಲೇರುತ್ತಿತ್ತು, ಅದು ಅವಳಿಗೇ ಕಾಣಲಿ ಅಂತ ಬಿಟ್ಟರು. ಥರ್ಮಲ್ ಗಾಳಿಯ ಜೊತೆ ಸರಿಯುತ್ತದೆ, ಸುತ್ತು ಕೂಡ ಜೊತೆಗೇ ಸರಿಯಬೇಕು. ಅದನ್ನು ಮಾತ್ರ ಮಧ್ಯೆ ಒಮ್ಮೆ ನೆನಪಿಸಿದರು: “ಹಿಂದಕ್ಕೆ ಹೋಗಲಿ, ಹೆದರಬೇಡ.” ಕೊನೆಯ ಎರಡು ನಿಮಿಷದಲ್ಲಿ ಮತ್ತೆ ಮಾತು ಶುರು. 30 ಸೆಕೆಂಡ್ ಉಳಿದಾಗ ವಿಮಾನ ಗಾಳಿಯ ಜೊತೆ ಪಕ್ಕದಲ್ಲಿ ಹಾದುಹೋಗುತ್ತಿರಬೇಕು, 20ಕ್ಕೆ ಅಡ್ಡ ತಿರುಗಬೇಕು, 10ಕ್ಕೆ ಗಾಳಿಗೆ ಎದುರಾಗಿ ನೇರ ಬರಬೇಕು. ಅವರು ಈ ಮೂರು ಅಂಕಿ ಹೇಳಿದರು, ಉಳಿದ ಸೆಕೆಂಡುಗಳನ್ನು ಎಣಿಸಿದರು. ಇಳಿದ ಮೇಲೆ ಹೇಳಿದ್ದು ಒಂದೇ ವಿಷಯ: ಮುಂದಿನ ಸಲ ಅಡ್ಡ ತಿರುವು ಇನ್ನೂ ಹತ್ತಿರ ಇರಲಿ. ಹತ್ತು ವಿಷಯ ಹೇಳಬಹುದಿತ್ತು. ಹೇಳಲಿಲ್ಲ.

ಇದಕ್ಕೆ ಪಳಗಿದವರು ಒಪ್ಪುತ್ತಾರಾ? ಕೆಲವರು ಗೊಣಗುತ್ತಾರೆ. ತಮ್ಮ ಹಾರಾಟದ ಮೊದಲು ತಲೆ ಖಾಲಿ ಇರಬೇಕು ಅನ್ನುತ್ತಾರೆ. ಅದು ನ್ಯಾಯವಾದ ಮಾತು. ಅವರ ಹಾರಾಟದ ಹಿಂದಿನ ಗ್ರೂಪಿನಲ್ಲಿ ಅವರಿಗೆ ಸಹಾಯಕ ಕೆಲಸ ಕೊಡಬೇಡಿ. ಫ್ಲೈ-ಆಫ್‌ನಲ್ಲಿ ಅವರಿಗೆ ಬೇಕಾದವರನ್ನೇ ಪಕ್ಕದಲ್ಲಿ ನಿಲ್ಲಿಸಿಕೊಳ್ಳಲಿ. ಇಷ್ಟು ಕೊಟ್ಟರೆ ಸಾಮಾನ್ಯವಾಗಿ ಗೊಣಗಾಟ ನಿಲ್ಲುತ್ತದೆ.

ಇನ್ನೂ ಗಟ್ಟಿಯಾದ ದಾರಿ ಬೇಕಿದ್ದರೆ ತಂಡ ಮಾಡಿ. ಪ್ರತಿ ಪಾಲಿನಿಂದ ಒಬ್ಬರಂತೆ ಮೂವರ ತಂಡ, ಚೀಟಿ ಎತ್ತಿ. ತಂಡದ ಮೊತ್ತಕ್ಕೆ ಮೂವರ ಅಂಕವೂ ಸೇರಲಿ, ಹೊಸಬರದ್ದನ್ನು ಬಿಡಬಾರದು. ಆಗ ನೋಡಿ ಮಜಾ. ಬೆಳಗ್ಗೆ ಗುರುತೇ ಇಲ್ಲದವರಂತೆ ಕೂತಿದ್ದ ಚಾಂಪಿಯನ್ ಹೊಸಬರ ವಿಮಾನ ಎತ್ತಿ ಬೆರಳ ತುದಿಯಲ್ಲಿ ತೂಕದ ಸಮತೋಲ ನೋಡುತ್ತಿರುತ್ತಾರೆ, ತಮ್ಮ ಪೆಟ್ಟಿಗೆಯಿಂದ ಸೀಸದ ಚೂರು ತೆಗೆದು ಮೂಗಿಗೆ ಅಂಟಿಸುತ್ತಾರೆ. ಒಂದು ಅಪಾಯ ಇದೆ. ಹೊಸಬರಿಂದ ತಂಡ ಸೋತಿತು ಅನ್ನೋ ಮಾತು ಬರಬಾರದು. ಅದಕ್ಕೆ ಪ್ರತಿಯೊಬ್ಬರ ಒಂದು ಕೆಟ್ಟ ರೌಂಡನ್ನು ಲೆಕ್ಕದಿಂದ ಕೈಬಿಡಿ.

ಸೊನ್ನೆ ಬೀಳದಂತೆ ನೋಡಿಕೊಳ್ಳಿ

ಎಫ್‌5ಜೆ ನಿಯಮದಲ್ಲಿ ಗುರುತಿನಿಂದ 75 ಮೀಟರ್ ಆಚೆ ಇಳಿದರೆ ಇಡೀ ಹಾರಾಟಕ್ಕೇ ಸೊನ್ನೆ. ಪಳಗಿದವರಿಗೆ ಅದು ಸರಿಯಾದ ಶಿಕ್ಷೆ. ಮನೆಗೆ ಬರಲಾಗದಷ್ಟು ದೂರ ಹೋದದ್ದು ಅವರ ಲೆಕ್ಕಾಚಾರದ ತಪ್ಪು. ಹೊಸಬರಿಗೆ ಲ್ಯಾಂಡಿಂಗ್ ಅಂಕ ಮಾತ್ರ ಹೋಗಲಿ, ಹಾರಿದ ಸಮಯ ಉಳಿಯಲಿ.

ಲ್ಯಾಂಡಿಂಗ್ ಅಂಕದ ವಿಷಯದಲ್ಲಿ ನನಗೆ ಒಂದು ಹಟ ಇದೆ. ಒಂದು ಮೀಟರ್ ಒಳಗೆ 50, ಅಲ್ಲಿಂದ ಮೀಟರ್‌ಗೆ 5ರಂತೆ ಇಳಿಯುತ್ತಾ ಹೋಗುವ ಪಟ್ಟಿ ಹೊಸಬರಿಗೆ ಒಳ್ಳೆಯದಲ್ಲ. ಗುರುತು ಮುಟ್ಟಲೇಬೇಕು ಅಂತ ಕೊನೆ ಗಳಿಗೆಯಲ್ಲಿ ಮೂಗು ಎತ್ತಿ ಎಳೆಯುತ್ತಾರೆ. ವೇಗ ಸಾಯುತ್ತದೆ, ಒಂದು ರೆಕ್ಕೆ ಕುಸಿಯುತ್ತದೆ. ಇಲ್ಲವೇ ಜನ ನಿಂತ ಕಡೆಗೆ ತಿರುಗಿಸುತ್ತಾರೆ. ಅವರಿಗೆ ಸುಣ್ಣದಲ್ಲಿ ದೊಡ್ಡ ಚೌಕ ಬರೆಯಿರಿ. ಚೌಕದೊಳಗೆ, ಗಾಳಿಗೆ ಎದುರಾಗಿ, ಮುರಿಯದೆ ಇಳಿಸಿದರೆ 30 ಅಂಕ, ಹೊರಗೆ ಇಳಿಸಿದರೆ ಇಲ್ಲ. ಎಲ್ಲಿ ತಾಗಿತು ಅಂತ ಟೇಪ್ ಹಿಡಿಯುವ ಅಗತ್ಯವೂ ಇಲ್ಲ.

ಮೊದಲ ರೌಂಡಿನಲ್ಲೇ ವಿಮಾನ ಮುರಿದರೆ? ಅವರ ದಿನ ಅಲ್ಲಿಗೆ ಮುಗಿಯಬಾರದು. ಎಲ್ಲರೂ ಹಾರಿಸಬಹುದಾದ ಒಂದು ಸಾದಾ ಗ್ಲೈಡರ್ ಚಾರ್ಜ್ ಮಾಡಿಟ್ಟು ಮೇಜಿನ ಹಿಂದೆ ಇರಲಿ. ಅದರಲ್ಲಿ ಗಳಿಸಿದ ಅಂಕವೂ ಲೆಕ್ಕಕ್ಕೆ ಬರಲಿ.

ಯಂತ್ರಕ್ಕೆ ಮಿತಿ

ಪೈಲಟ್‌ಗೆ ಮಿತಿ ಹಾಕುವುದಕ್ಕಿಂತ ವಿಮಾನಕ್ಕೆ ಮಿತಿ ಹಾಕುವುದು ಯಾವತ್ತೂ ಲೇಸು. ಯಾರಿಗೂ ಅವಮಾನ ಆಗುವುದಿಲ್ಲ. ಪಿ-30ರಲ್ಲಿ ರೆಕ್ಕೆಯೂ ಉದ್ದವೂ 30 ಇಂಚು ಮೀರಬಾರದು, ರಬ್ಬರ್ 10 ಗ್ರಾಂ ಮೀರಬಾರದು. ಆರ್‌ಇಎಸ್ ಗ್ಲೈಡರ್‌ಗಳಲ್ಲಿ 2 ಮೀಟರ್ ರೆಕ್ಕೆ, ತಿರುಗಿಸಲು ರಡರ್, ಏರಿಳಿಸಲು ಎಲಿವೇಟರ್, ಬೇಗ ಕೆಳಗಿಳಿಸಲು ಸ್ಪಾಯ್ಲರ್ ಅಷ್ಟೇ, ದೇಹ ಹೆಚ್ಚಾಗಿ ಮರದ್ದು. ಮೋಟರ್ ಇಲ್ಲ, ರಬ್ಬರ್ ಕಟ್ಟಿದ ದಾರದಿಂದ ಚಿಮ್ಮುತ್ತದೆ. ಎಲ್ಲರಿಗೂ ಅದೇ ದಾರ. ದುಬಾರಿ ಕಾರ್ಬನ್ ವಿಮಾನ ಇಟ್ಟುಕೊಂಡವರಿಗೆ ಇಲ್ಲಿ ಅದರಿಂದ ಲಾಭವಿಲ್ಲ. ಹಾಗಂತ ಚಾಂಪಿಯನ್ ಸೋಲುವುದಿಲ್ಲ, ಅವರು ಇದರಲ್ಲೂ ಗೆಲ್ಲುತ್ತಾರೆ. ಆದರೆ ನೋಡುವ ಹೊಸಬರಿಗೆ ಗೆದ್ದದ್ದು ವಿಮಾನವಲ್ಲ, ಕೈ ಅಂತ ತಿಳಿಯುತ್ತದೆ. ಅದೇ ಥರದ ವಿಮಾನ ತಮ್ಮ ಬಳಿಯೂ ಇದೆಯಲ್ಲ!

ಕೈಯಿಂದ ಎಸೆಯುವ ಎಫ್‌3ಕೆ ಗ್ಲೈಡರ್‌ಗಳಲ್ಲಿ ರೆಕ್ಕೆ 1500 ಮಿಲಿಮೀಟರ್‌ಗೆ ಮಿತಿ ಇದೆ, ಆದರೆ ಎಸೆತದ ಎತ್ತರದಲ್ಲಿ ಭಾರಿ ವ್ಯತ್ಯಾಸ. ತಿರುಗಿ ಎಸೆಯುವುದನ್ನು ಚೆನ್ನಾಗಿ ಕಲಿತವರು 60 ಮೀಟರ್‌ಗೆ ಕಳಿಸಿದರೆ ಹೊಸಬರದ್ದು ಅದರ ಅರ್ಧವೂ ಹೋಗದು. ಅಲ್ಲಿ ಮಿತಿ ಹಾಕೋದು ಕಷ್ಟ. ಅದಕ್ಕೆ ‘ಪೋಕರ್’ ಅನ್ನೋ ಟಾಸ್ಕ್ ಆರಿಸಿಕೊಳ್ಳಿ. ಎಸೆಯುವ ಮೊದಲು ಪೈಲಟ್ ತಾನು ಎಷ್ಟು ಹೊತ್ತು ಹಾರಿಸುತ್ತೇನೆ ಅಂತ ಹೇಳಬೇಕು. ಅಷ್ಟು ಮುಟ್ಟಿದರೆ ಅಷ್ಟೇ ಅಂಕ, ಜಾಸ್ತಿ ಹಾರಿದ್ದಕ್ಕೆ ಏನೂ ಇಲ್ಲ. ಮುಟ್ಟದಿದ್ದರೆ ಏನೂ ಇಲ್ಲ, ಅದೇ ಗುರಿಗೆ ಮತ್ತೆ ಎಸೆಯಬೇಕು. ಹೊಸಬರು 40 ಸೆಕೆಂಡ್ ಅನ್ನುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ಎರಡೂವರೆ ನಿಮಿಷ ಅನ್ನುತ್ತಾರೆ. ಇಬ್ಬರ ಎದೆಯೂ ಒಂದೇ ಥರ ಬಡಿದುಕೊಳ್ಳುತ್ತಿರುತ್ತದೆ. ದಿನದ ಕೊನೆಗೆ ಸುಮ್ನೆ ನಗುವುದಕ್ಕೆ ಒಂದು ರೌಂಡ್ ಪಳಗಿದವರೆಲ್ಲ ಎಡಗೈಯಲ್ಲಿ ಎಸೆಯಬೇಕು ಅಂತಲೂ ಇಡಬಹುದು, ಅದನ್ನು ಅಂಕಕ್ಕೆ ಸೇರಿಸಬೇಡಿ.

ಹ್ಯಾಂಡಿಕ್ಯಾಪ್ ಬೇಕೇ ಬೇಕು ಅನ್ನುವವರಿಗೆ

ಹಿಂದುಳಿದವರಿಗೆ ಒಂದಿಷ್ಟು ಅಂಕ ಸೇರಿಸಿ ಕೊಡುವುದೇ ಹ್ಯಾಂಡಿಕ್ಯಾಪ್. ನನಗೆ ಇದರ ಮೇಲೆ ಅಷ್ಟೇನೂ ಪ್ರೀತಿ ಇಲ್ಲ. ಆದರೂ ವರ್ಷಪೂರ್ತಿ ಅದೇ ಜನ ಸೇರುವ ಗುಂಪುಗಳಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಮಟ್ಟ ಇಟ್ಟುಕೊಳ್ಳಿ, 950 ಅನ್ನಿ. ಪ್ರತಿಯೊಬ್ಬರ ಹಿಂದಿನ ಸರಾಸರಿ ಅದಕ್ಕಿಂತ ಎಷ್ಟು ಕಡಿಮೆಯೋ ಅದರ 80 ಶೇಕಡಾವನ್ನು ಇವತ್ತಿನ ಅಂಕಕ್ಕೆ ಸೇರಿಸಿ. ಸರಾಸರಿ 450 ಇದ್ದವರಿಗೆ 400 ಸೇರುತ್ತದೆ. ಇವತ್ತು 520 ಗಳಿಸಿದರೆ 920. ಸರಾಸರಿ 700 ಇದ್ದವರಿಗೆ 200, ಇವತ್ತು 780 ಗಳಿಸಿದರೆ 980. ಸರಾಸರಿ 950ರ ಚಾಂಪಿಯನ್ 960 ಗಳಿಸಿದರೆ 960. ಗೆದ್ದದ್ದು ನಡುವಿನವರು, ಯಾಕೆಂದರೆ ತಮ್ಮ ಮಟ್ಟಕ್ಕಿಂತ ಜಾಸ್ತಿ ಮೇಲೆ ಹಾರಿದ್ದು ಅವರೇ. ಪೂರ್ತಿ ನೂರು ಶೇಕಡಾ ಕೊಡಬೇಡಿ. ಕೊಟ್ಟರೆ ಚೆನ್ನಾಗಿ ಹಾರಿಸುವವರಿಗೆ ಏನೂ ಉಳಿಯುವುದಿಲ್ಲ.

ಬೇಕಂತಲೇ ಕಡಿಮೆ ಹಾರಿಸಿ ಹ್ಯಾಂಡಿಕ್ಯಾಪ್ ಬೆಳೆಸಿಕೊಳ್ಳುವ ಜಾಣರು ಇದ್ದೇ ಇರುತ್ತಾರೆ. ಹಿಂದಿನ ಮೂರು ಸ್ಪರ್ಧೆಗಳಲ್ಲಿ ಚೆನ್ನಾದ ಎರಡನ್ನು ಮಾತ್ರ ಸರಾಸರಿಗೆ ತೆಗೆದುಕೊಂಡರೆ ಅವರ ಆಟ ನಡೆಯುವುದಿಲ್ಲ. ಮುಖ್ಯವಾಗಿ ಎರಡು ಪಟ್ಟಿ ಇರಲಿ. ಹ್ಯಾಂಡಿಕ್ಯಾಪ್ ಇಲ್ಲದ ಪಟ್ಟಿಯನ್ನೇ ಮೊದಲು ಓದಿ. ಸ್ಪರ್ಧೆಯ ವಿಜೇತರು ಆ ಪಟ್ಟಿಯವರು.

ಯಾವಾಗ ವಿಭಾಗ ಮಾಡಬೇಕು

ಹನ್ನೆರಡು ಜನಕ್ಕಿಂತ ಕಡಿಮೆ ಇದ್ದರೆ ವಿಭಾಗ ಮಾಡಬೇಡಿ. ಮೂವರ ವಿಭಾಗದಲ್ಲಿ ಮೂವರಿಗೂ ಬಹುಮಾನ ಸಿಕ್ಕರೆ ಅದಕ್ಕೆ ಬೆಲೆ ಇರುವುದಿಲ್ಲ, ಮಕ್ಕಳಿಗೂ ಅದು ಗೊತ್ತಾಗುತ್ತದೆ.

ಏರೋಬ್ಯಾಟಿಕ್ಸ್ ಮಾತು ಬೇರೆ. ಅಲ್ಲಿ ವಿಭಾಗ ಇಲ್ಲದೆ ಆಗುವುದೇ ಇಲ್ಲ, ಯಾಕೆಂದರೆ ಹೊಸಬರು ಪಳಗಿದವರ ಕಸರತ್ತು ಪ್ರಯತ್ನಿಸಿದರೆ ವಿಮಾನ ನೆಲಕ್ಕೆ. ಮಾಡೆಲ್ ಏರೋಬ್ಯಾಟಿಕ್ಸ್ ಕ್ಲಬ್ಬಾದ ಐಮ್ಯಾಕ್‌ನಲ್ಲಿ ಬೇಸಿಕ್‌ನಿಂದ ಅನ್‌ಲಿಮಿಟೆಡ್‌ವರೆಗೆ ಐದು ಮೆಟ್ಟಿಲು ಇವೆ. ಬೇಸಿಕ್‌ನವರಿಗೆ ಮೊದಲೇ ಗೊತ್ತಿರುವ ಸರಣಿ ಮಾತ್ರ. ಮೇಲಿನವರಿಗೆ ‘ಅನ್‌ನೋನ್’ ಸರಣಿಯೂ ಇರುತ್ತದೆ: ಕಾಗದ ಕೈಗೆ ಬಂದ ಮೇಲೆ ವಿಮಾನದಲ್ಲಿ ಅಭ್ಯಾಸ ಮಾಡುವಂತಿಲ್ಲ, ಕೈಯಲ್ಲಿ ಒಂದು ಸಣ್ಣ ಮಾಡೆಲ್ ಹಿಡಿದು ಮನಸ್ಸಿನಲ್ಲೇ ಹಾರಿಸಿಕೊಳ್ಳಬೇಕು. ಪಳಗಿದವರನ್ನು ಚುರುಕಾಗಿಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ನೀವು ಮಾಡಬೇಕಾದ್ದು ಒಂದೇ. ಕೆಳಗಿನ ವಿಭಾಗದಲ್ಲಿ ಎರಡು ಸಲ ಗೆದ್ದವರು ಮೇಲಿನದಕ್ಕೆ ಹೋಗಲೇಬೇಕು ಅಂತ ಬರೆದಿಡಿ, ಸ್ನೇಹಿತರಾದರೂ ಬಿಡಬೇಡಿ. ತೀರ್ಪುಗಾರರ ಪಕ್ಕ ಅಂಕ ಬರೆದುಕೊಳ್ಳುವವರು ಬೇಸಿಕ್‌ನವರ ಹಾಳೆಯಲ್ಲಿ ಪ್ರತಿ ಕಸರತ್ತಿಗೆ ಒಂದು ಮಾತು ಬರೆಯಲಿ: “ಲೂಪ್ ಮೇಲ್ಭಾಗ ಚಪ್ಪಟೆ”, “ಗಾಳಿಗೆ ಸರಿಯಿತು”. ಬರೀ 6 ಅಂತ ನೋಡಿ ಅವರು ಏನು ಕಲಿಯಲು ಸಾಧ್ಯ?

ಸ್ಪರ್ಧೆಗೇ ಇನ್ನೂ ಸಿದ್ಧರಲ್ಲದವರೂ ಬರುತ್ತಾರೆ. ಹೆಸರು ಬರೆದುಕೊಳ್ಳುವಾಗಲೇ ಕೇಳಿ. ಒಬ್ಬರೇ ಇಳಿಸಿದ್ದೀರಾ? ವಿಮಾನ ನಿಮ್ಮ ಕಡೆಗೆ ಬರುವಾಗ ಎಡಬಲ ಗೊಂದಲ ಆಗುತ್ತಾ? ಸಿಗ್ನಲ್ ಹೋದರೆ ಮೋಟರ್ ನಿಲ್ಲುವಂತೆ ಫೇಲ್‌ಸೇಫ್ ಇಟ್ಟಿದ್ದೀರಾ? ಕೊನೆಯದನ್ನು ಬಾಯಿಮಾತಿಗೆ ನಂಬಬೇಡಿ. ವಿಮಾನವನ್ನು ಗಟ್ಟಿಯಾಗಿ ಹಿಡಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಿ. ಮೊದಲ ಎರಡರಲ್ಲಿ ಅನುಮಾನ ಬಂದರೆ ವಾಪಸ್ ಕಳಿಸಬೇಡಿ. ಬಡ್ಡಿ ಬಾಕ್ಸ್ (ಎರಡು ಟ್ರಾನ್ಸ್‌ಮಿಟರ್ ಜೋಡಿಸಿ, ಬೇಕಾದಾಗ ಪಳಗಿದವರು ಹಿಡಿತ ತೆಗೆದುಕೊಳ್ಳುವ ವ್ಯವಸ್ಥೆ) ಹಾಕಿ ಪಳಗಿದವರ ಜೊತೆ, ಗ್ರೂಪುಗಳ ನಡುವಿನ ಬಿಡುವಿನಲ್ಲಿ ಅಂಕವಿಲ್ಲದೆ ಹಾರಿಸಲಿ.

ಸ್ಪರ್ಧೆ ಇಲ್ಲದ ದಿನಗಳಿಗೂ ಏನಾದರೂ ಗುರಿ ಇರಲಿ. 1969ರಲ್ಲಿ ಶುರುವಾದ ಲೀಗ್ ಆಫ್ ಸೈಲೆಂಟ್ ಫ್ಲೈಟ್ ಅನ್ನೋ ಮಾಡೆಲ್ ಗ್ಲೈಡರ್ ಸಂಘ ಇದಕ್ಕೆ ಒಳ್ಳೆಯ ಮಾದರಿ. ಐದು ಹಂತ. ಮೊದಲನೆಯದರಲ್ಲಿ 5 ನಿಮಿಷದ ಥರ್ಮಲ್ ಹಾರಾಟ ಸಾಕು, ಐದನೆಯದರಲ್ಲಿ 2 ಗಂಟೆಯ ಥರ್ಮಲ್, ಗುಡ್ಡದ ಗಾಳಿಯಲ್ಲಿ 8 ಗಂಟೆ. ಪಟ್ಟಿಯಲ್ಲಿ ಕೊನೆಯವರಾದವರೂ ಅದೇ ದಿನ ತಮ್ಮ ಮೊದಲ 5 ನಿಮಿಷ ಮುಗಿಸಿರಬಹುದು. ಸಾಕ್ಷಿ ಸಹಿ ಪಕ್ಕದಲ್ಲಿ ನಿಂತ ಸಹಾಯಕರದ್ದೇ.

ಫಲಿತಾಂಶದ ಹಾಳೆ

ಬಹುಮಾನದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಮೂವರಿಗೆ ಫಲಕ, ಉಳಿದದ್ದಕ್ಕೆ ಎಲ್ಲರ ಹೆಸರು ಹಾಕಿ ಚೀಟಿ ಎತ್ತಿ. ಆದರೆ ಫಲಿತಾಂಶದ ಹಾಳೆಯಲ್ಲಿ ಒಂದು ಅಂಕಣ ಸೇರಿಸಿ: ಇವತ್ತಿನ ಅತಿ ಉದ್ದದ ಹಾರಾಟ, ಅದರ ಪಕ್ಕ ಹಿಂದಿನ ಸ್ಪರ್ಧೆಯದ್ದು. ಹೊಸಬರು ಮೊದಲು ನೋಡುವುದು ಅದನ್ನೇ.

ಎತ್ತರ ಅಳೆಯುವ ಲಾಗರ್ ಇದ್ದರೆ ಅದರ ಗ್ರಾಫ್ ತೆಗೆದಿಡಿ. ಸಹಾಯಕರಾಗಿದ್ದವರು ಎರಡು ಮೂರು ದಿನದೊಳಗೆ ಹೊಸಬರಿಗೆ ಅದನ್ನು ಕಳಿಸಿ ಒಂದು ಜಾಗಕ್ಕೆ ಗುರುತು ಹಾಕಲಿ: “2 ನಿಮಿಷ 10 ಸೆಕೆಂಡಿನಲ್ಲಿ ಗೆರೆ ಮೇಲೆ ಹೋಗಿದೆ, ಆಗ ನೀವು ನೇರ ಹೋಗುತ್ತಿದ್ದಿರಿ. ಅಲ್ಲಿ ತಿರುಗಬೇಕಿತ್ತು.” ಅದೇ ಸಂದೇಶದಲ್ಲಿ ಮುಂದಿನ ಸ್ಪರ್ಧೆಯ ದಿನ, ಅಲ್ಲಿನ ಗುರಿ ಎಷ್ಟು ನಿಮಿಷ, ಅವರ ಪಕ್ಕ ಯಾರು ನಿಲ್ಲುತ್ತಾರೆ ಅನ್ನೋದನ್ನೂ ಬರೆದುಬಿಡಿ.